ನಲವತ್ತೊಂದನೇ ಪುಟದ ಸಮುದ್ರ

ಮಂಗಳೂರು ವಿಮಾನ ನಿಲ್ದಾಣ

ನನ್ನ ಕೈಚೀಲ ಯಂತ್ರದ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಪರದೆಯ ಮುಂದೆ ಕೂತಿದ್ದ ಹುಡುಗಿ ಒಮ್ಮೆ ಪರದೆ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು. ಆಮೇಲೆ ಪಕ್ಕದವನನ್ನು ಕರೆದಳು. ಅವನು ಇನ್ನೊಬ್ಬನನ್ನು ಕರೆದ. ಮೂವರೂ ಸೇರಿ ನನ್ನ ಚೀಲದ ಹೊಟ್ಟೆ ತಪಾಸಣೆ ಮಾಡಿದರು.

"ಅಮ್ಮ, ಇದ್ರಲ್ಲಿ ಏನಿದೆ?"

"ಎರಡು ತೆಂಗಿನ ಚಿಪ್ಪು, ಐದು ಸ್ಪ್ರಿಂಗು, ಅಯಸ್ಕಾಂತ, ಹುಣಸೆ ಬೀಜ, ಸೈಕಲ್ ಟ್ಯೂಬಿನ ತುಂಡು, ಒಂದು ಮುದ್ದೆ ಜೇಡಿಮಣ್ಣು."

"ಯಾಕೆ?"

"ಪಾಠ ಮಾಡ್ಲಿಕ್ಕೆ."

ಉತ್ತರ ಸಾಲಲಿಲ್ಲ ಎಂದು ಅವರ ಮುಖವೇ ಹೇಳಿತು. ಹೇಳಿದರೆ ನಂಬದವರಿಗೆ ಮಾಡಿ ತೋರಿಸುವುದು ನನ್ನ ಚಾಳಿ. ಚಿಪ್ಪಿಗೆ ದಾರ ಕಟ್ಟಿಯೇ ಇತ್ತು. ಸ್ಪ್ರಿಂಗಿಗೆ ಸಿಕ್ಕಿಸಿ, ಎದುರು ನಿಂತಿದ್ದವನ ಕೀಲಿಗೊಂಚಲು ಇಸಕೊಂಡು ಚಿಪ್ಪಿಗೆ ಹಾಕಿ, ಎಷ್ಟು ಜಗ್ಗಿತು ಎಂದು ಬೆರಳಿನಲ್ಲಿ ಅಳೆದು, "ನೂರ ಹತ್ತು ಗ್ರಾಂ, ಸ್ವಲ್ಪ ಆಚೀಚೆ" ಎಂದೆ. ಅವನಿಗೆ ಎಲ್ಲಿಲ್ಲದ ಖುಷಿ. ಮೊಬೈಲು ಕೊಟ್ಟ, ಅದನ್ನೂ ತೂಗಿದೆ. ಹುಡುಗಿ ತನ್ನ ಬಳೆ ಬಿಚ್ಚುವಷ್ಟರಲ್ಲಿ ನನ್ನ ಹಿಂದಿನ ಸಾಲಿನಲ್ಲಿ ಗಲಾಟೆ ಶುರುವಾಯಿತು. ಮಣ್ಣಿನ ಮುದ್ದೆಯೊಂದನ್ನು ಮಾತ್ರ ಇಟ್ಟುಕೊಂಡು ನನ್ನನ್ನು ಬಿಟ್ಟರು. ಇರಲಿ, ಮಣ್ಣು ಎಲ್ಲ ದೇಶದಲ್ಲೂ ಸಿಗುತ್ತದೆ.

ಇಪ್ಪತ್ತೇಳು ವರ್ಷದಿಂದ ನನ್ನ ಹೊಟ್ಟೆಪಾಡು ಇದೇ. ಕುಂದಾಪುರದಲ್ಲಿ ಒಂದು ಟೈಲರ್ ಅಂಗಡಿಯ ಮಾಳಿಗೆಯ ಮೇಲೆ ನಮ್ಮದೊಂದು ಸಣ್ಣ ಕೇಂದ್ರ. ಬೈಂದೂರಿನಿಂದ ಬ್ರಹ್ಮಾವರದ ತನಕದ ಶಾಲೆಗಳಿಗೆ ಕೈಯಲ್ಲಿ ಮಾಡಿ ಕಲಿಯುವ ವಿಜ್ಞಾನ, ಗಣಿತದ ಪಾಠಗಳನ್ನು ಕಟ್ಟಿ ಕೊಡುತ್ತೇವೆ. ಭಿನ್ನರಾಶಿಗೆ ನೀರುದೋಸೆ, ವೇಗಕ್ಕೆ ಬಸ್ಸು, ಇಳಿಜಾರಿಗೆ ಹಂಚಿನ ಮಾಡು. ಕುಂಭಾಶಿಯ ನಮ್ಮ ಮನೆಯ ಜಗಲಿಯಲ್ಲಿ ಹಳೆ ಪಂಪು, ಮುರಿದ ಫ್ಯಾನು, ಒಡೆದ ಬಕೆಟ್ಟು ರಾಶಿ ಬಿದ್ದಿರುತ್ತವೆ. ನೆರೆಯವರು ಹಿಂದಿನಿಂದ ನನ್ನನ್ನು ಗುಜರಿ ಟೀಚರ್ ಎನ್ನುತ್ತಾರೆ. ಮುಂದಿನಿಂದ ಸುಲೋಚನಾ ಟೀಚರ್.

ಹೊರಡುವ ಮೊದಲು, ಕುಂದಾಪುರದಲ್ಲಿ

ಈ ಪ್ರವಾಸದ ಕತೆ ತಿಳಿಯಬೇಕಾದರೆ ಮಯ್ಯ ಮಾಷ್ಟ್ರು ತಿಳಿಯಬೇಕು. ಬ್ರಹ್ಮಾವರದವರು, ನಿವೃತ್ತ ಗಣಿತ ಮಾಷ್ಟ್ರು, ಎಪ್ಪತ್ತೆರಡು ವಯಸ್ಸು. ಮಳೆ ಇರಲಿ ಬಿಸಿಲಿರಲಿ, ಕೊಡೆ ಹಿಡಿದುಕೊಂಡು ಎಂಟೂವರೆಯ ಬಸ್ಸಿಗೆ ಕೇಂದ್ರಕ್ಕೆ ಬರುತ್ತಾರೆ. ನಮ್ಮ ಕೇಂದ್ರಕ್ಕೆ ಇರುವುದು ಒಂದೇ ಕಟ್ಟುಪಾಡು. ಮಾಡಿ ನೋಡದ, ಕಣ್ಣಾರೆ ಕಾಣದ ವಾಕ್ಯ ಪುಸ್ತಕಕ್ಕೆ ಹೋಗಬಾರದು. ಅದನ್ನು ಕಾಯುವವರು ಅವರು. ಕರಡು ಓದುವಾಗ ಅಂಥ ವಾಕ್ಯ ಸಿಕ್ಕಿದರೆ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆಚಿಹ್ನೆ ಹಾಕುತ್ತಾರೆ. ವಾಕ್ಯ ಬರೆದವರು ಮಾಡಿ ನೋಡಿ, ತಮ್ಮ ಕೈಯಾರೆ ಆ ಚಿಹ್ನೆ ಅಳಿಸಬೇಕು. ಬಸಳೆ ಬಳ್ಳಿ ಯಾವ ಕಡೆಗೆ ಸುತ್ತುತ್ತದೆ ಎಂದು ನೋಡಲು ನಾನು ಮೂರು ದಿನ ಚಪ್ಪರದ ಅಡಿಯಲ್ಲಿ ಕೂತದ್ದು ಅವರ ದೆಸೆಯಿಂದ. ಗಂಡ ಅನ್ನ ಸಾರು ಅಲ್ಲಿಗೇ ತಂದು ಕೊಟ್ಟಿದ್ದರು.

ನಮ್ಮ ಪುಸ್ತಕದ ನಲವತ್ತೊಂದನೇ ಪುಟದಲ್ಲಿ ನನ್ನ ಹೆಮ್ಮೆಯ ಪಾಠವಿದೆ. ಮಕ್ಕಳು ಅಳತೆಯ ಗೆರೆ ಹಾಕಿದ ಒಂದು ಕೋಲನ್ನು ಹೊಳೆಬಾಗಿಲಲ್ಲಿ, ಅಂದರೆ ಹೊಳೆ ಕಡಲಿಗೆ ಸೇರುವಲ್ಲಿ, ನೀರಿನಂಚಿಗೆ ನೆಡುತ್ತಾರೆ. ಅರ್ಧ ಗಂಟೆಗೊಮ್ಮೆ ನೀರು ಎಲ್ಲಿಗೆ ಬಂತು ಎಂದು ನೋಡಿ ಚೌಕುಳಿ ಹಾಳೆಯ ಮೇಲೆ ಚುಕ್ಕಿ ಇಡುತ್ತಾರೆ. ಚುಕ್ಕಿ ಸೇರಿಸಿದರೆ ಚಂದದ ಏರು, ಚಂದದ ಇಳಿತ. ಗಣಿತಕ್ಕೆ ಗಣಿತ, ವಿಜ್ಞಾನಕ್ಕೆ ವಿಜ್ಞಾನ. ನಾವುಂದ ಊರಿನ ಶಾಲೆಯ ಮಕ್ಕಳಂತೂ ಕೋಲು ನೆಡುವ ಮೊದಲೇ, "ಟೀಚರ್, ಊಟದ್ ಹೊತ್ತಿಗ್ ನೀರ್ ಇಲ್ಲಿಗ್ ಬತ್ತ್" ಎಂದು ಕಾಲಿನಿಂದ ಗೆರೆ ಎಳೆದು ತೋರಿಸುತ್ತಾರೆ.

ಆ ಪುಟದ ಮೊದಲ ವಾಕ್ಯ ನಾನು ಬರೆದದ್ದು: ಎಲ್ಲ ಸಮುದ್ರಗಳ ನೀರೂ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ.

ಪುಸ್ತಕ ನಾಲ್ಕು ಸಲ ಅಚ್ಚಾಗಿದೆ. ನಾಲ್ಕು ಸಲವೂ ಮಯ್ಯ ಮಾಷ್ಟ್ರು ಆ ವಾಕ್ಯಕ್ಕೆ ಪ್ರಶ್ನೆ ಹಾಕಿದರು.

"ಎಂತಕೆ ಮಾಷ್ಟ್ರೆ ಇದ್ಕೆ ಪ್ರಶ್ನೆ? ಸಣ್ಣ್ ಹುಡ್ಗಿ ಆಯಿಪ್ಪತ್ತಿಗೇ ಕಾಂತಾ ಇದ್ದೆ ನಾನ್."

"ನೀವ್ ಕಂಡದ್ದ್ ನಮ್ಮ ಸಮುದ್ರ. ಬರ್ದದ್ದ್ ಎಲ್ಲ ಸಮುದ್ರ."

"ಹಂಗಾರೆ ಎಲ್ಲ ಸಮುದ್ರನೂ ಕಂಡ್ಕಂಡ್ ಬಪ್ಪುಕೆ ಆತ್ತಾ?"

"ಆತಿಲ್ಲೆ ಅಲ್ದಾ? ಹಂಗಾರೆ 'ಎಲ್ಲ' ತೆಗಿನಿ."

ನಾನು ತೆಗೆಯಲಿಲ್ಲ. ಚಂದ್ರ ಇರುವುದು ಒಂದೇ, ನೀರು ಎಲ್ಲ ಕಡೆ ನೀರೇ, ಇದಕ್ಕೆಂಥ ಪ್ರಶ್ನೆ ಎಂದು ನನ್ನ ಹಠ. ಪೆನ್ಸಿಲ್ ಡಬ್ಬಿಯಿಂದ ರಬ್ಬರು ತೆಗೆದು ನಾಲ್ಕು ಸಲವೂ ಉಜ್ಜಿ ಹಾಕಿದೆ. ಐದನೇ ಮುದ್ರಣದ ಕರಡಿನಲ್ಲೂ ಪ್ರಶ್ನೆ ಬಂತು. ನಾನು ಪರದೇಶದಲ್ಲಿರುವ ವಾರವೇ ಪುಸ್ತಕ ಅಚ್ಚಿಗೆ ಹೋಗುವುದಿತ್ತು. ಹೊರಡುವ ಹಿಂದಿನ ದಿನ ಅವರ ಎದುರೇ ಐದನೇ ಸಲ ಉಜ್ಜಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

"ಹೋಯ್ ಬನ್ನಿ. ಕಣ್ ಬಿಟ್ಕಂಡ್ ಕಾಣಿ" ಎಂದರು.

ಶಿಕ್ಷಣದ ಕೆಲಸದವರಿಗೆಲ್ಲ ಫಿನ್ಲೆಂಡ್ ಎಂದರೆ ಕಾಶಿ. ನನಗೆ ಸಿಕ್ಕಿದ್ದು ಅದರ ಎದುರುಮನೆ, ಎಸ್ಟೋನಿಯಾ. ಮಾಡಿ ಕಲಿಸುವ ಟೀಚರುಗಳ ಒಂದು ಕೂಟ. ಬೇರೆ ಬೇರೆ ದೇಶಗಳಿಂದ ಬಂದವರು ಅಲ್ಲಿನ ಮಕ್ಕಳಿಗೆ ತಮ್ಮ ಒಂದೊಂದು ಪಾಠ ಮಾಡಬೇಕು, ಉಳಿದವರು ಕೂತು ನೋಡಬೇಕು. ಊರು ಕಡಲತಡಿಯದು ಎಂದು ಗೊತ್ತಾದ ಮೇಲೆ ನಾನು ಎರಡು ಸಲ ಯೋಚನೆ ಮಾಡಲಿಲ್ಲ. ನಲವತ್ತೊಂದನೇ ಪುಟ ಎಂದು ಬರೆದು ಕಳಿಸಿದೆ.

ಬಸ್ ಸ್ಟಾಪಿನಿಂದ ಐವತ್ತು ಹೆಜ್ಜೆ

ಅಲ್ಲಿ ನನ್ನನ್ನು ನೋಡಿಕೊಂಡ ಟೀಚರ್ ಹೆಸರು ಕಾದ್ರಿ. ಮಂಗಳೂರಿನ ಕದ್ರಿಯನ್ನು ನೆನೆದು ನಾನು ಒಂದೇ ಸಲಕ್ಕೆ ಹೆಸರು ಬಾಯಿಪಾಠ ಮಾಡಿಕೊಂಡದ್ದು ನೋಡಿ ಅವಳಿಗೆ ಆಶ್ಚರ್ಯ. ನಲವತ್ತರ ಆಸುಪಾಸಿನ ಎತ್ತರದ ಹೆಂಗಸು. ಮಾತು ಕಡಿಮೆ. ಮಾತು ಕಡಿಮೆ ಎಂದರೆ ಅವಳೊಬ್ಬಳದ್ದಲ್ಲ, ಇಡೀ ದೇಶದ್ದೇ. ರಾಜಧಾನಿಯಿಂದ ಆ ಊರಿಗೆ ಎರಡು ಗಂಟೆ ಬಸ್ಸಿನಲ್ಲಿ ಹೋದೆವು. ಬಸ್ಸು ತುಂಬ ಜನ, ಒಂದು ಕೆಮ್ಮು ಕೂಡ ಇಲ್ಲ. ನಾನು ಪಕ್ಕದ ಅಜ್ಜಿಯನ್ನು ನೋಡಿ ನಕ್ಕೆ. ಅವರು ಗಾಬರಿಯಾಗಿ ತಮ್ಮ ಚೀಲ ನೋಡಿಕೊಂಡರು.

ಮಾರನೇ ದಿನ ಬೆಳಿಗ್ಗೆ ಶಾಲೆಗೆ ನಾನೊಬ್ಬಳೇ ಹೊರಟೆ. ಸ್ಟಾಪಿಗೆ ಇನ್ನೂ ಐವತ್ತು ಹೆಜ್ಜೆ ಇರುವಾಗ ಹಿಂದಿನಿಂದ ಬಸ್ಸು ಬಂತು. ಕುಂಭಾಶಿಯಲ್ಲಿ ಮಾಡುವಂತೆ ರಸ್ತೆ ಬದಿ ನಿಂತು ಕೈ ಅಡ್ಡ ಹಿಡಿದೆ. ಡ್ರೈವರ್ ಬಹಳ ಮರ್ಯಾದೆಯ ಮನುಷ್ಯ. ಅವನೂ ಕೈ ಎತ್ತಿ ನಮಸ್ಕಾರ ಮಾಡಿದ, ಹಾಗೇ ಹೋದ.

ಮುಂದಿನ ಬಸ್ಸು ನಲವತ್ತು ನಿಮಿಷಕ್ಕೆ. ಬ್ರಹ್ಮಾವರ ಕುಂದಾಪುರದ ನಡುವಿನ ನಮ್ಮ ಬಸ್ಸುಗಳನ್ನು ನೆನೆದು ಕಣ್ಣೀರು ಬರುವುದೊಂದು ಬಾಕಿ. ಓಣಿಯ ತುದಿಯಲ್ಲಿ ನಾನು ಚಪ್ಪಲಿ ಹಾಕುತ್ತಿರುವಾಗಲೇ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, "ಬನ್ನಿ ಬನ್ನಿ, ಟೀಚರ್ ಬತ್ತಾ ಇದ್ರ್, ಒಂಚೂರ್ ನಿಲ್ಸ್" ಎಂದು ಸೀಟಿ ಹೊಡೆಯುತ್ತಾನೆ. ಒಳಗಿದ್ದವರು ಬೈಯುತ್ತಾರೆ, ಆದರೂ ಬಸ್ಸು ನಿಲ್ಲುತ್ತದೆ. ಇಲ್ಲಿ ಯಾರೂ ಬೈಯಲಿಲ್ಲ, ಬಸ್ಸೂ ನಿಲ್ಲಲಿಲ್ಲ.

ಎದುರಾದವರಿಗೆಲ್ಲ ಅವರು ಹೇಳುವುದು 'ತೆರೆ'. ನಮಸ್ಕಾರ ಎಂದು ಅರ್ಥ. ಆಗಿನ್ನೂ ನಾನು ಅವರ ಸಮುದ್ರ ನೋಡಿರಲಿಲ್ಲ, ಹಾಗಾಗಿ ಅದರ ತಮಾಷೆ ತಿಳಿದಿರಲಿಲ್ಲ.

ಚಪ್ಪಲಿ ಬಿಟ್ಟು ಹೋಗುವ ಶಾಲೆ

ಶಾಲೆಯ ಬಾಗಿಲಲ್ಲೇ ಎಲ್ಲರೂ ಬೂಟು ಬಿಡಬೇಕು. ಒಳಗೆ ಮೆತ್ತನೆ ಚಪ್ಪಲಿ ಇಲ್ಲವೇ ಬರೀ ಕಾಲುಚೀಲ. ದೇವಸ್ಥಾನಕ್ಕೆ ಹೋದವಳಂತೆ ಭಕ್ತಿಯಿಂದ ಬೂಟು ಬಿಚ್ಚಿದರೆ, ಎಡಗಾಲಿನ ಕಾಲುಚೀಲದಿಂದ ನನ್ನ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಹೆಡ್‌ಮಾಸ್ಟರು ಅದನ್ನು ಕಂಡೂ ಕಾಣದ ಹಾಗೆ ಕೈ ಕುಲುಕಿದರು.

ಮೊದಲ ದಿನ ಪರಿಚಯದ ಪಾಠ. ಹದಿನಾಲ್ಕು ಮಕ್ಕಳು, ಹನ್ನೊಂದರ ವಯಸ್ಸಿನವರು. ನಾನು ಇಂಗ್ಲಿಷಿನಲ್ಲಿ, ಬೇಕಾದಲ್ಲಿ ಕಾದ್ರಿ ಅವರ ಭಾಷೆಯಲ್ಲಿ. ಕಾಗದದ ದೋಸೆಯೊಂದನ್ನು ನಾಲ್ಕು ಮಡಿಕೆ ಮಾಡಿ, "ಹೀಗೆ ಮಡಚಿದ ಮೂರು ದೋಸೆಯಲ್ಲಿ ಕಾಲುಭಾಗಗಳು ಎಷ್ಟು?" ಎಂದು ಕೇಳಿದೆ. ಸದ್ದಿಲ್ಲ. ಭಾಷೆ ಅರ್ಥವಾಗಲಿಲ್ಲವೇನೋ ಎಂದು ಇನ್ನೊಮ್ಮೆ ಜೋರಾಗಿ ಕೇಳಿದೆ. ಸದ್ದಿಲ್ಲ. ಮೂರನೇ ಸಲ ಕಿರುಚುವವಳಿದ್ದೆ, ಕಾದ್ರಿ ಮೆಲ್ಲಗೆ ಅಂದಳು: "ಯೋಚನೆ ಮಾಡ್ತಿದ್ದಾರೆ."

ನಮ್ಮಲ್ಲಿ ಪ್ರಶ್ನೆ ಪೂರ್ತಿಯಾಗುವ ಮೊದಲೇ ಇಪ್ಪತ್ತು ಕೈ ಮೇಲೇಳುತ್ತವೆ, ಹತ್ತು ಉತ್ತರ ಬರುತ್ತವೆ, ಅದರಲ್ಲೊಂದು ಸರಿಯಿರುತ್ತದೆ. ಕ್ಲಾಸು ಇಷ್ಟು ತಣ್ಣಗಿದ್ದರೆ ಯಾರೋ ಸಾಹೇಬರು ಬಂದಿದ್ದಾರೆ ಎಂದೇ ಅರ್ಥ.

ಮುಂದಿನ ಬೆಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು, ಲೀಸ್. ಪೆನ್ಸಿಲು ಸೂಜಿಯಂತೆ ಚೂಪು, ಹಾಳೆಯ ಅಂಚಿಗೆ ಸ್ಕೇಲು ಹಿಡಿದು ಎಳೆದ ಗೆರೆ. ಉತ್ತರ ಬರೆಯುವ ಮೊದಲು ಪ್ರತಿ ಸಲವೂ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು. ಇಂಥ ಮಕ್ಕಳು ನಮ್ಮಲ್ಲೂ ಇದ್ದಾರೆ. ಟೀಚರಿಗೆ ಬೇಜಾರಾದರೆ ಎಂದು ಹೆದರುವವರು. ಅವರನ್ನು ಕಂಡರೆ ನನಗೆ ಯಾವಾಗಲೂ ಸ್ವಲ್ಪ ಹೆಚ್ಚೇ ಪ್ರೀತಿ.

ಮಧ್ಯಾಹ್ನ ಊಟಕ್ಕೆ ಕಪ್ಪು ರೊಟ್ಟಿ, ಹೊಗೆ ಹಾಕಿದ ಮೀನು. ಮೀನು ನಾನು ತಿನ್ನುವುದಿಲ್ಲ, ರೊಟ್ಟಿಯನ್ನು ನನ್ನ ಹಲ್ಲು ಒಪ್ಪಲಿಲ್ಲ. ಕಾದ್ರಿ ಒಂದು ಲೋಟ ತಂದುಕೊಟ್ಟಳು. ಹುರಿದ ಧಾನ್ಯದ ಹಿಟ್ಟನ್ನು ಮಜ್ಜಿಗೆಗೆ ಕದಡಿದ್ದು. ಕಣ್ಣು ಮುಚ್ಚಿ ಕುಡಿದರೆ ಅಮ್ಮ ಮಾಡುತ್ತಿದ್ದ ಹುರಿಹಿಟ್ಟು! ಇಷ್ಟು ದೂರ ಬಂದು ಇದನ್ನು ಕುಡಿಯಬೇಕಾಯಿತೇ ಎಂದು ನಗು ಬಂತು. ನಾನು ಒಯ್ದಿದ್ದ ಮಿಡಿ ಉಪ್ಪಿನಕಾಯಿ ಅವಳಿಗೆ ಕೊಟ್ಟೆ. ಇಡೀ ಮಿಡಿಯನ್ನು ಒಂದೇ ಸಲ ಬಾಯಿಗೆ ಹಾಕಿಕೊಂಡಳು. ಕಣ್ಣು ಮೂಗಲ್ಲೆಲ್ಲ ನೀರು ಸುರಿಯಿತು, ಮುಖ ಕೆಂಪೇರಿತು. ಆಗಲೂ ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ, "ಕುತೂಹಲಕರವಾಗಿದೆ" ಎಂದಳು.

ಕಡಲತಡಿ

ಎರಡನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಹದಿನಾಲ್ಕು ಮಕ್ಕಳು, ಹದಿನಾಲ್ಕು ಕೋಲು, ನೋಡಲು ಬಂದ ಪರದೇಶದ ಟೀಚರುಗಳು, ನಾನು. ಎದುರಿಗೆ ಸಮುದ್ರ.

ಸಮುದ್ರವೇ ಅದು? ತೆರೆ ಎಂಬುದೇ ಇಲ್ಲ. ಅಂಚಿನಲ್ಲಿ ಜೊಂಡುಹುಲ್ಲು ಬೆಳೆದಿತ್ತು. ನೀರಲ್ಲಿ ಎರಡು ಹಂಸಗಳು ತಮ್ಮದೇ ಕೆರೆ ಎನ್ನುವ ಹಾಗೆ ಈಜುತ್ತಿದ್ದವು. ನಮ್ಮ ಕಡಲಿನಲ್ಲಿ ಹಂಸ ಇಳಿದರೆ ಎರಡನೇ ತೆರೆಗೆ ಪಲ್ಟಿ. ಇಷ್ಟು ಕಂಡೂ ನನ್ನ ತಲೆಯೊಳಗೆ ಗಂಟೆ ಬಾರಿಸಲಿಲ್ಲ ನೋಡಿ. ಗಾಳಿಯಿಲ್ಲದ ದಿನ, ಕಡಲು ಮಲಗಿದೆ ಎಂದುಕೊಂಡೆ.

ಕೋಲು ನೆಡಿಸಿದೆ. ಆಮೇಲೆ ದೊಡ್ಡ ಗಂಟಲಿನಲ್ಲಿ ಹೇಳಿದೆ: "ಮಕ್ಕಳೇ, ಇನ್ನು ಮೂರು ಗಂಟೆಯಲ್ಲಿ ನೀರು ಇಲ್ಲಿಯ ತನಕ ಏರುತ್ತದೆ. ನಿಮ್ಮ ಬೂಟು, ಚೀಲ ಎಲ್ಲ ಹತ್ತು ಹೆಜ್ಜೆ ಹಿಂದಕ್ಕೆ ಇಡಿ." ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆದರೂ ಸಾಲಾಗಿ ಹೋಗಿ ಇಟ್ಟು ಬಂದರು. ಪರದೇಶದ ಟೀಚರುಗಳೂ ತಮ್ಮ ಚೀಲ ಹಿಂದಕ್ಕಿಟ್ಟರು.

ಅರ್ಧ ಗಂಟೆ. ನೀರು ಇದ್ದಲ್ಲೇ ಇತ್ತು.

ಒಂದು ಗಂಟೆ. ಇದ್ದಲ್ಲೇ. ಏರುವ ಹೊತ್ತಲ್ಲ, ಇಳಿಯುವ ಹೊತ್ತೇನೋ ಎಂದುಕೊಂಡೆ. ಆದರೆ ಇಳಿಯಲೂ ಇಲ್ಲ. ಕೋಲು ಹೂತು ಹೋಗುತ್ತಿದೆಯೇ ಎಂದು ಅಲ್ಲಾಡಿಸಿ ನೋಡಿದೆ. ಕೈಗಡಿಯಾರ ಕಿವಿಗೆ ಹಿಡಿದೆ. ಬಗ್ಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿದೆ. ಉಪ್ಪು ಹಾಕಲು ಮರೆತ ಗಂಜಿ! ಹಿಂದೆ ಟೀಚರುಗಳು ನಾನು ನೀರು ಕುಡಿದದ್ದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಎರಡು ಗಂಟೆಯಾದ ಮೇಲೆ ಕಾದ್ರಿಯನ್ನು ಬದಿಗೆ ಕರೆದೆ. "ನಿಮ್ಮ ಸಮುದ್ರಕ್ಕೆ ಏನಾಗಿದೆ?"

"ಏನೂ ಆಗಿಲ್ಲ" ಎಂದಳು. "ನಮ್ಮ ಸಮುದ್ರ ಹಾಗೆ ಏರುವುದಿಲ್ಲ."

"ಏರುವುದೇ ಇಲ್ಲವೇ? ನೀವು ಯಾಕೆ ಮೊದಲೇ ಹೇಳಲಿಲ್ಲ?"

"ನಿಮಗೆ ಗೊತ್ತಿದೆ ಅಂದುಕೊಂಡೆ. ಏರುತ್ತದೆ ಎಂದು ಬೇಕಂತಲೇ ಹೇಳಿ, ಏರದ್ದನ್ನು ಮಕ್ಕಳೇ ಕಂಡುಹಿಡಿಯಲಿ ಎಂದು ಬಿಟ್ಟಿದ್ದೀರಿ ಅಂದುಕೊಂಡೆ. ಒಳ್ಳೆಯ ವಿಧಾನ ಎಂದು ಎಲ್ಲರೂ ಬರೆದುಕೊಂಡಿದ್ದಾರೆ."

ಮರಳ ಮೇಲೆ ಕಡ್ಡಿಯಲ್ಲಿ ಚಿತ್ರ ಬರೆದು ತೋರಿಸಿದಳು. ಅವರ ಸಮುದ್ರ ಸುತ್ತಲೂ ನೆಲವಿರುವ ಕೊಡದ ಹಾಗೆ. ಹೊರಗಿನ ದೊಡ್ಡ ಸಮುದ್ರಕ್ಕೆ ಸೇರುವ ಬಾಯಿ ಬಹಳ ಕಿರಿದು. ಅಲ್ಲಿ ಏರಿದ ನೀರು ಈ ಬಾಯಲ್ಲಿ ನುಗ್ಗಿ ಒಳಗೆ ಬರುವಷ್ಟರಲ್ಲಿ ಹೊರಗೆ ಇಳಿತ ಶುರು. ಇಡೀ ದಿನ ಕಾದರೂ ಬೆರಳಗಲದ ವ್ಯತ್ಯಾಸ ಕಂಡರೆ ಹೆಚ್ಚು. ಮಯ್ಯ ಮಾಷ್ಟ್ರ ಐದು ಪ್ರಶ್ನೆಚಿಹ್ನೆಗಳು ಸಾಲಾಗಿ ನನ್ನ ಕಣ್ಣ ಮುಂದೆ ಬಂದು ನಿಂತವು.

ಇಷ್ಟೇ ಆಗಿದ್ದರೆ ನಕ್ಕು ಮರೆಯುತ್ತಿದ್ದೆನೋ ಏನೋ. ಮೂರು ಗಂಟೆ ಮುಗಿದ ಮೇಲೆ ಮಕ್ಕಳ ಹಾಳೆ ಸಂಗ್ರಹಿಸಿದೆ. ಹದಿಮೂರು ಹಾಳೆಯಲ್ಲಿ ಗೆರೆ ಹಲಗೆಯಂತೆ ಚಪ್ಪಟೆ. ಹದಿನಾಲ್ಕನೆಯದು ಲೀಸ್‌ಳದು. ಅದರಲ್ಲಿ ಗೆರೆ ಎಡಗಡೆಯಿಂದ ಬಲಗಡೆಗೆ ಮೆಲ್ಲ ಮೆಲ್ಲನೆ ಏರಿತ್ತು. ನಮ್ಮ ಪುಸ್ತಕದಲ್ಲಿ ಇರುವ ಹಾಗೆಯೇ, ಅದಕ್ಕಿಂತ ಚಂದ.

"ನಿನ್ನ ಕೋಲಿನ ಹತ್ತಿರ ನೀರು ಏರಿತಾ?"

"ಇಲ್ಲ."

"ಮತ್ತೆ ಇದು?"

ಅವಳು ನನ್ನ ಮುಖ ನೋಡಿದಳು. "ನೀವು ಏರುತ್ತದೆ ಅಂದಿರಿ. ನನ್ನ ಕೋಲು ಸರಿ ಇಲ್ಲ ಅಂದುಕೊಂಡೆ."

ಈ ಮಗು ತನ್ನ ಕಣ್ಣನ್ನು ಬಿಟ್ಟು ನನ್ನ ಮಾತನ್ನು ನಂಬಿತ್ತು. ಕಣ್ಣಾರೆ ಕಾಣಿ ಎಂದು ಇಪ್ಪತ್ತೇಳು ವರ್ಷ ಊರೂರು ಸುತ್ತಿ ಸಾರಿದವಳು ನಾನು! ನಾವುಂದದಲ್ಲಿ, ಕುಂದಾಪುರದಲ್ಲಿ ಎಷ್ಟು ಮಕ್ಕಳು ಪುಸ್ತಕದ ನನ್ನ ಗೆರೆ ನೋಡಿ ತಮ್ಮ ಗೆರೆ ತಿದ್ದಿಕೊಂಡಿರಬಹುದು ಎಂದು ನೆನೆದು ನನಗೆ ನಾಚಿಕೆಯಾಯಿತು. ನಿಜವಾಗಿ ಬಹಳ ನಾಚಿಕೆಯಾಯಿತು.

ಮರಳಿನ ಮೇಲೆ ಕೂತು ಅವಳಿಗೆ ಹೇಳಿದೆ. "ನಿನ್ನ ಕೋಲು ಸರಿ ಇದೆ, ಲೀಸ್. ನಾನು ಹೇಳಿದ್ದು ತಪ್ಪು. ನೋಡದೆ ಹೇಳಿದೆ."

ಅವಳು ಕೈ ಚಾಚಿ, ಅಳಿಸಲು ರಬ್ಬರು ಇದೆಯೇ ಎಂದು ಕೇಳಿದಳು. ಡಬ್ಬಿಯಿಂದ ನನ್ನ ರಬ್ಬರು ತೆಗೆದು ಕೊಟ್ಟೆ. ಸವೆದು ಹುಣಸೆ ಬೀಜದಷ್ಟಾಗಿತ್ತು. ಅವಳು ಏರುಗೆರೆಯನ್ನು ಪೂರ್ತಿ ಉಜ್ಜಿ, ಪುಡಿ ಊದಿ, ಸ್ಕೇಲು ಹಿಡಿದು ನೆಟ್ಟಗೆ ಒಂದು ಗೆರೆ ಎಳೆದಳು. ರಬ್ಬರು ಹಿಂದಕ್ಕೆ ಕೊಡಲು ಬಂದಾಗ, ನೀನೇ ಇಟ್ಟುಕೋ ಎಂದೆ.

ಫೋನು

ನಮ್ಮ ಊರಿನಲ್ಲಿ ಆಗ ಸಂಜೆ ನಾಲ್ಕು ಗಂಟೆ. ಮಯ್ಯ ಮಾಷ್ಟ್ರು ಚಹಾ ಕುಡಿಯುವ ಹೊತ್ತು. ಬೂಟುಗಳ ಸಾಲಿನ ಪಕ್ಕ ನಿಂತು ಫೋನು ಹಚ್ಚಿದೆ. ಮದುವೆಗೆ ಗಂಡು ನೋಡಲು ಬಂದಾಗಲೂ ಇಷ್ಟು ಹೆದರಿರಲಿಲ್ಲ.

"ಹ್ವಾಯ್, ಎಂತ ಟೀಚರ್, ಇಷ್ಟ್ ದೂರದಿಂದ? ಉಷಾರಿದ್ರಿಯಾ?"

"ಮಾಷ್ಟ್ರೆ, ಈಗ್ಲೇ ಪ್ರೆಸ್ಸಿಗ್ ಹೋಯ್ನಿ. ನಲವತ್ತೊಂದನೇ ಪುಟ ನಿಲ್ಸುಕ್ ಹೇಳಿ. ಇಲ್ಲ್ ಸಮುದ್ರ ಏರತಿಲ್ಲೆ."

ಆ ಕಡೆಯಿಂದ ಮಾತಿಲ್ಲ. ಎಸ್ಟೋನಿಯಾದ ಗಾಳಿ ಅವರಿಗೂ ಬಡಿಯಿತೇ ಎಂದುಕೊಂಡೆ.

"ಎಷ್ಟ್ ಹೊತ್ತ್ ಕಂಡ್ರಿ?"

"ಮೂರ್ ಗಂಟಿ."

"ಕೋಲ್ ಸಮ ಇತ್ತಾ?"

"ಕೋಲ್ ಸಮ ಇತ್ತ್ ಮಾಷ್ಟ್ರೆ. ನಾನೇ ಸಮ ಇರ್ಲಿಲ್ಲೆ." ಲೀಸ್‌ಳ ಕತೆಯನ್ನೂ ಹೇಳಿದೆ.

ಇನ್ನು ಶುರುವಾಗುತ್ತದೆ, 'ನಾನ್ ಅಂದೇ ಹೇಳಿದ್ದೆ ಅಲ್ದಾ' ಎಂದು. ಅದಕ್ಕೆ ತಯಾರಾಗಿಯೇ ಕಿವಿ ಕೊಟ್ಟಿದ್ದೆ. ಅವರು ಅದನ್ನು ಹೇಳಲಿಲ್ಲ. ನಾನೇ ಕೇಳಿದೆ: "ಇಂಥ ಸಮುದ್ರ ಇತ್ತಂದ್ ನಿಮ್ಗ್ ಗೊತ್ತಿದ್ದಿತ್ತಾ?"

"ನಂಗೆಂತ ಗೊತ್ತ್ ಮಾರ್ರೆ? ಒಂದ್ಸಲ ಬೊಂಬಾಯಿಗ್ ಹೋದ್ದ್ ಬಿಟ್ರೆ ನಾನ್ ಎಲ್ಲಿಗ್ ಹೋಯಿದೆ? ಕಾಣದ್ದನ್ನ ಕಾಣ್ಲಿಲ್ಲೆ ಅಂದೆ, ಅಷ್ಟೇ."

"ಸರಿ, ಈಗ ಪ್ರೆಸ್ಸಿಗ್ ಹೋಯ್ನಿ. ಅಚ್ಚಾಯಿ ಹೋತ್ತ್."

"ಆ ಪುಟ ಅಚ್ಚಾಯಿಲ್ಲೆ. ನೀವ್ ವಿಮಾನ ಹತ್ತಿದ್ ದಿನವೇ ನಿಲ್ಸುಕ್ ಹೇಳಿದೆ. ಟೀಚರ್ ಬೇರೆ ಸಮುದ್ರ ಕಾಂಬುಕ್ ಹೋಯಿದ್ರ್, ಕಂಡ್ಕಂಡ್ ಬರ್ಲಿ, ಆಮೇಲ್ ಹಾಕುವ ಅಂದೆ."

"ಏರಿದ್ದಿದ್ರೆ?"

"ಏರಿದ್ದಿದ್ರೆ ರಬ್ಬರ್ ನಾನೇ ಹಿಡಿತಿದ್ದೆ."

"ಏರದ್ದನ್ನ ಕಂಡೂ ನಾನ್ ನಿಮ್ಗ್ ಹೇಳದೇ ಇದ್ದಿದ್ರೆ?"

"ಹಠ ಮಾಡುವರ್ ನೀವ್, ಹೌದ್. ಕಂಡ ಮೇಲೆ ಹೇಳದೇ ಇಪ್ಪರ್ ಅಲ್ಲ."

ಫೋನು ಇಟ್ಟ ಮೇಲೆ ನಾನು ಸ್ವಲ್ಪ ಅತ್ತೆ. ಕಾದ್ರಿ ದೂರದಿಂದ ನೋಡಿ ಹತ್ತಿರ ಬಂದು, ಏನೂ ಕೇಳದೆ, ಪಕ್ಕದಲ್ಲಿ ನಿಂತುಕೊಂಡಳು. ಆ ದೇಶದವರ ಮೌನ ನನಗೆ ಮೊದಲ ಸಲ ಇಷ್ಟವಾಯಿತು.

ಕೊಡೆ ಹಿಡಿದವರು

ಮಾರನೇ ದಿನ ಮಕ್ಕಳು ತಿರುಗಿ ಬಿದ್ದರು. ನಮ್ಮ ಸಮುದ್ರ ತಾನಾಗಿಯೇ ದಿನ ದಿನ ಏರುತ್ತದೆ ಎಂದರೆ ಅವರು ನಂಬಲು ತಯಾರಿಲ್ಲ. ಗಾಳಿ ತಂದರೆ ಮಾತ್ರ ಸಮುದ್ರ ಬರುತ್ತದೆ ಎಂಬುದು ಅವರು ಕಂಡ ಸತ್ಯ. "ಗಾಳಿ ಇಲ್ಲದೆ ಹೇಗೆ ಬರುತ್ತದೆ? ನೀವು ನಿನ್ನೆಯೂ ಹಾಗೇ ಹೇಳಿದ್ದಿರಿ" ಎಂದ ಒಬ್ಬ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಹೀಗಾಗಿ ಮಯ್ಯ ಮಾಷ್ಟ್ರು ಕುಂದಾಪುರದ ಹೊಳೆದಂಡೆಯಲ್ಲಿ ಕೋಲು ನೆಟ್ಟು, ಮೇ ತಿಂಗಳ ಬಿಸಿಲಿಗೆ ಕೊಡೆ ಹಿಡಿದು ನಿಲ್ಲಬೇಕಾಯಿತು. ಮೊದಲು ವಿಡಿಯೊದಲ್ಲಿ ಮಕ್ಕಳಿಗೆ ಮುಖ ತೋರಿಸಿ, "ಗುಡ್ ಮಾರ್ನಿಂಗ್ ಸ್ಟೂಡೆಂಟ್ಸ್" ಎಂದು ಹಳೇ ಗತ್ತಿನಲ್ಲಿ ಹೇಳಿದರು. ಹದಿನಾಲ್ಕು ಮಕ್ಕಳು ಎದ್ದು ನಿಂತರು, ಯಾಕೆಂದು ಅವರಿಗೂ ಗೊತ್ತಿಲ್ಲ. ಹಿಂದಿನಿಂದ ಯಾರೋ ದೋಣಿಯವರು ಕೂಗುವುದು ಕೇಳಿಸಿತು.

"ಹ್ವಾಯ್ ಮಾಷ್ಟ್ರೆ, ಎಂತ ಹಿಡಿತ್ರಿ ಬಿಸ್ಲಲ್ಲ್? ಮೀನ್ ಸಿಕ್ತಾ?"

"ಸಮುದ್ರ ಹಿಡಿತಾ ಇದ್ದೆ ಮಾರಾಯ. ನೀ ಹೋಗ್."

ಆಮೇಲೆ ಅರ್ಧ ಗಂಟೆಗೊಂದು ಫೋಟೊ. ಪ್ರತಿ ಫೋಟೊ ಬಂದಾಗಲೂ ಮಕ್ಕಳು ಗೋಡೆಯ ಹಾಳೆಯ ಮೇಲೆ ಚುಕ್ಕಿ ಇಟ್ಟರು. ಗೆರೆ ಏರುತ್ತ ಹೋಯಿತು. ಅಲ್ಲಿ ಜೋರು ಗಾಳಿ ಇರಬಹುದು ಎಂದು ಲೀಸ್‌ಗೆ ಅನುಮಾನ. ಕೇಳಿ ಬರೆದೆ. ಮಾಷ್ಟ್ರು ಕೊಡೆಯ ತುದಿಗೆ ತಮ್ಮ ಕರವಸ್ತ್ರ ಕಟ್ಟಿ ಫೋಟೊ ಕಳಿಸಿದರು. ಕರವಸ್ತ್ರ ಮುದುಡಿ ನೇತಾಡುತ್ತಿತ್ತು. ಲೀಸ್ ಅದನ್ನು ಬಹಳ ಹೊತ್ತು ನೋಡಿ, ನನ್ನ ಮುಖದ ಕಡೆ ತಿರುಗದೆಯೇ, ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಹೊರಡುವ ದಿನ ಅವರ ಸಮುದ್ರ ನನಗೂ ಒಂದು ಪಾಠ ಮಾಡಿತು. ಬೆಳಿಗ್ಗೆಯಿಂದ ಪಡುಗಾಳಿ, ಕಡಲಿನಿಂದ ದಡಕ್ಕೆ ಜೋರಾಗಿ ಬೀಸುತ್ತಿತ್ತು. ಬೀಳ್ಕೊಡಲು ಮಕ್ಕಳು ಕಡಲತಡಿಗೆ ಕರೆದೊಯ್ದಿದ್ದರು. ಏರದ ಸಮುದ್ರ ತಾನೇ ಎಂದು ನಾನು ಚಪ್ಪಲಿಯನ್ನು ನೀರಿನಂಚಿನಲ್ಲೇ ಬಿಟ್ಟು ಅವರ ಜೊತೆ ಹರಟುತ್ತ ಕೂತೆ. ತಿರುಗಿ ನೋಡಿದರೆ ನೀರು ಎರಡು ಗೇಣು ಏರಿದೆ, ನನ್ನ ಒಂದು ಚಪ್ಪಲಿ ಹಂಸಗಳ ಜೊತೆ ತೇಲುತ್ತಿದೆ. ನಾಲ್ಕು ದಿನದಲ್ಲಿ ಆ ಮಕ್ಕಳು ಗಂಟಲು ಬಿಟ್ಟು ನಕ್ಕದ್ದು ನಾನು ಕೇಳಿದ್ದು ಆಗಲೇ. ಕಾದ್ರಿ ಮೊಣಕಾಲ ತನಕ ನೀರಿಗಿಳಿದು ಚಪ್ಪಲಿ ತಂದುಕೊಟ್ಟಳು. ಅದು ಚೀಲದೊಳಗೆ ಹಸಿಯಾಗಿಯೇ ಕುಂಭಾಶಿಗೆ ಬಂತು.

ಮತ್ತೆ ಮಾಳಿಗೆಯ ಮೇಲೆ

ಬಂದ ಮಾರನೇ ದಿನವೇ ಕೇಂದ್ರಕ್ಕೆ ಹೋದೆ. ನಲವತ್ತೊಂದನೇ ಪುಟ ಖಾಲಿ ಕೂತಿತ್ತು. ಪುಟದ ಮೇಲುಭಾಗದಲ್ಲಿ ಮಯ್ಯ ಮಾಷ್ಟ್ರು ಬಿಸಿಲಲ್ಲಿ ನಿಂತು ಹಿಡಿದ ಏರುಗೆರೆ, ಕೆಳಗೆ ಲೀಸ್ ಸ್ಕೇಲಿನಲ್ಲಿ ಎಳೆದ ಚಪ್ಪಟೆ ಗೆರೆ ಅಂಟಿಸಿದೆ. ಎರಡರ ನಡುವೆ ನಾನು ಹೊಸ ವಾಕ್ಯ ಬರೆದೆ. ವಿಮಾನದಲ್ಲಿ ಇಡೀ ದಾರಿ ಕೂತು ಯೋಚಿಸಿದ್ದು.

ನಮ್ಮ ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಬೇರೆ ಸಮುದ್ರದ್ದನ್ನು ಅಲ್ಲಿ ಕೋಲು ನೆಟ್ಟವರ ಹತ್ತಿರ ಕೇಳಿ.

ಮಾಷ್ಟ್ರ ಮುಂದೆ ಇಟ್ಟೆ. ಬಿಸಿಲಿಗೆ ಅವರ ಮೂಗಿನ ತುದಿ ಇನ್ನೂ ಕಪ್ಪಾಗಿತ್ತು. ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. "ಲಾಯ್ಕ್ ಆಯ್ತ್" ಎಂದರು. ನನಗೆ ಜೀವ ಬಂತು. ಆಮೇಲೆ ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, 'ಎರಡು ಸಲ' ಎಂಬಲ್ಲಿ ಮೆಲ್ಲಗೆ ಒಂದು ಪ್ರಶ್ನೆಚಿಹ್ನೆ ಹಾಕಿದರು.

"ಇದೆಂತ ಮಾಷ್ಟ್ರೆ? ನಮ್ಮ ಸಮುದ್ರವೇ ಅಲ್ದಾ!"

"ಶಾಲಿ ಮಕ್ಳ್ ಅಳ್ದದ್ದ್ ಹಗ್ಲಲ್ಲ್. ನಾನ್ ಅಳ್ದದ್ದೂ ಹಗ್ಲಲ್ಲೇ. ರಾತ್ರಿ ಏರುದನ್ನ ಇಷ್ಟ್ ವರ್ಷದಲ್ಲ್ ಯಾರ್ ಕೋಲ್ ನೆಟ್ಟ್ ಕಂಡಿದ್ರ್?"

ಅಭ್ಯಾಸಬಲ, ಕೈ ತಾನಾಗಿ ಪೆನ್ಸಿಲ್ ಡಬ್ಬಿಗೆ ಹೋಯಿತು. ಮೂಲೆ ಮೂಲೆ ತಡಕಿತು, ಖಾಲಿ ಹಿಂದೆ ಬಂತು. ಮಾಷ್ಟ್ರು ನನ್ನ ಕೈಯನ್ನೇ ನೋಡುತ್ತಿದ್ದರು.

"ರಬ್ಬರ್ ಎಲ್ಲ್ ಹೋಯ್ತ್?"

"ಆ ಹೆಣ್ಣ್ ಮಗುವಿನ್ ಹತ್ರ ಬಿಟ್ಟ್ ಬಂದೆ."

"ಅಡ್ಡಿಲ್ಲೆ" ಎಂದರು ಮಯ್ಯ ಮಾಷ್ಟ್ರು, ಕೊಡೆ ಕೈಗೆತ್ತಿಕೊಳ್ಳುತ್ತ. "ಮನೆಯಲ್ಲ್ ಟಾರ್ಚ್ ಇತ್ತಲ್ದಾ?"